ಈ ಸಲ ನಾ ಹೆಂಗ ಸತ್ತಿದ್ದೆ?

ನಮ್ಮೂರಿನ ಚಿತ್ರೋತ್ಸವದಲ್ಲಿ ಈ ವರ್ಷ ತೋರಿಸಿದ ಮೂರು ಐತಿಹಾಸಿಕ ಸಿನಿಮಾಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮೊದಲನೆಯದು ದಂಡ, ಎರಡನೆಯದು ಚೆನ್ನಾಗಿತ್ತು, ಮೂರನೆಯದರ ಬಗ್ಗೆ ಕೇಳಿದವನ ಹಲ್ಲು ಉದುರಿಸುತ್ತೇನೆ. ನಾನು ಸಿನಿಮಾ ಓದಿ ಕಲಿತವನಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ತಮ್ಮನನ್ನು ಕಟ್ಟಿಕೊಂಡು ಈ ಊರಿಗೆ ಬಂದು ವೆಲ್ಡಿಂಗ್ ಅಂಗಡಿ ಇಟ್ಟವನು. ಆದರೆ ಪರದೆಯ ಮೇಲೆ ಮನುಷ್ಯ ಸಾಯುವುದನ್ನು ನಮ್ಮೂರಿನವರಷ್ಟು ಗಮನವಿಟ್ಟು ನೋಡುವ ಜನ ಬೇರೆಲ್ಲೂ ಸಿಗುವುದಿಲ್ಲ. ಸತ್ತವರನ್ನು ಮರುದಿನ ಹೂಳುವವರು ನಾವೇ ತಾನೆ.

ಟಾಕೀಸಿನ ಹಿಂದೆ ಒಂದು ಕೆಂಪು ಹೊಲವಿದೆ. ಉತ್ಸವದ ದಿನಗಳಲ್ಲಿ ಪರದೆಯ ಮೇಲೆ ಯಾರು ಸಾಯುತ್ತಾರೋ ಅವರು ಮರುದಿನ ಬೆಳಕು ಹರಿಯುವ ಹೊತ್ತಿಗೆ ಆ ಹೊಲದಲ್ಲಿ, ಸಿನಿಮಾದಲ್ಲಿ ಬಿದ್ದ ಭಂಗಿಯಲ್ಲೇ, ಮಲಗಿರುತ್ತಾರೆ. ಅದೇ ವೇಷ, ಅದೇ ಮೀಸೆ, ಪಕ್ಕದಲ್ಲಿ ಅದೇ ರಟ್ಟಿನ ಕತ್ತಿ. ಆ ಮುಖದ ನಟ ಮಾತ್ರ ಎಲ್ಲೋ ದೂರದಲ್ಲಿ ಆರಾಮಾಗಿ ಚಹಾ ಕುಡಿಯುತ್ತಿರುತ್ತಾನೆ. ಸಿನಿಮಾದ ಹೆಣ ಒಣಗಿದ ಜೋಳದ ಕಣಿಕೆಯ ಹೊರೆಯಷ್ಟು ಹಗುರ. ಗಾಯ ಕೆಂಪಗಿರುತ್ತದೆ, ಮುಟ್ಟಿದರೆ ಕೈಗೆ ಹತ್ತುವುದಿಲ್ಲ. ನಾಯಿ ಮೂಸುವುದಿಲ್ಲ, ನೊಣ ಕೂರುವುದಿಲ್ಲ. ಹೂತ ಮೇಲೆ ಮುಂದಿನ ವರ್ಷ ಅದೇ ಜಾಗ ಅಗೆದರೆ ಬರೀ ಮಣ್ಣು ಸಿಗುತ್ತದೆ. ಒಂದೇ ಒಂದು ಸಲ ಇದು ತಪ್ಪಿತ್ತು. ಒಂದು ಯುದ್ಧದ ಸಿನಿಮಾ ತೋರಿಸಿದ ಮರುದಿನ ಬಿಳಿ ಕುದುರೆಯೊಂದು ಹೊಲದಲ್ಲಿ ಬಿದ್ದಿತ್ತು. ಎತ್ತಲು ಹೋದರೆ ಎಂಟು ಗಂಡಸರಿಗೆ ಮಿಸುಕಲಿಲ್ಲ. ಕಣ್ಣಿನ ಸುತ್ತ ನೊಣ ಮುತ್ತಿದ್ದವು. ಆಮೇಲೆ ತಿಳಿಯಿತು, ಶೂಟಿಂಗಿನಲ್ಲಿ ಕಂದಕಕ್ಕೆ ಹಾರಿಸುವಾಗ ಆ ಕುದುರೆ ಕುತ್ತಿಗೆ ಮುರಿದುಕೊಂಡು ನಿಜವಾಗಿಯೇ ಸತ್ತಿತ್ತು, ಆ ದೃಶ್ಯವನ್ನು ಸಿನಿಮಾದವರು ಹಾಗೆಯೇ ಇಟ್ಟುಕೊಂಡಿದ್ದರು. ಆ ಗುಂಡಿ ಇರುವ ಮೂಲೆಯನ್ನು ನಾವು ಇವತ್ತಿಗೂ ಅಗೆಯುವುದಿಲ್ಲ.

ಜನ ಇದಕ್ಕೆಲ್ಲ ಹೊಂದಿಕೊಂಡು ಹಳೆಯ ಮಾತಾಯಿತು. ಉತ್ಸವದ ವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಓಣಿಗೊಂದು ಪಾಳಿ ಹಾಕಿಕೊಂಡು ಹೂಳುತ್ತಾರೆ. ನನ್ನ ಅಂಗಡಿಯಲ್ಲಿ ಕಬ್ಬಿಣದ ಕೊಳವೆಗಳಿಂದ ಹೆಣ ಹೊರುವ ಸ್ಟ್ರೆಚರ್ ಮಾಡುತ್ತೇನೆ, ಎರಡು ಗಾಲಿ ಹಾಕಿ. ರಾಜ ಸತ್ತರೆ ಅವನನ್ನು ಹೂಳಲು ಓಣಿ ಓಣಿಗೆ ಜಗಳ, ಯಾಕೆಂದರೆ ಅಂಗಿಯ ಜರಿ ಬಿಚ್ಚಿಕೊಳ್ಳಬಹುದು. ಸಿಪಾಯಿ ಸತ್ತರೆ ಯಾರಿಗೂ ಬೇಡ. ಆದರೂ ಒಂದು ಪದ್ಧತಿಯನ್ನು ಯಾರೂ ಬಿಟ್ಟಿಲ್ಲ. ಮಣ್ಣು ಮುಚ್ಚುವ ಮುಂಚೆ ಒಂದು ಚೊಂಬು ನೀರು ಹಾಕಿ, ಹೆಸರು ಹಿಡಿದು ಒಮ್ಮೆ ಕರೆಯಬೇಕು. ಹೆಸರಿಲ್ಲದವನಾದರೆ ‘ಸಿಪಾಯಿ’ ಎಂದಾದರೂ ಕರೆಯಬೇಕು. ಬಂದ ಮುಖ ಊರಿನವರ ಪೈಕಿ ಯಾರದಾದರೂ ಆಗಿದ್ದರೆ ಅದು ಓಣಿಯ ಪಾಳಿಗೆ ಬರುವುದಿಲ್ಲ, ಮನೆಯವರೇ ಮಣ್ಣು ಮಾಡಬೇಕು. ಇನ್ನೊಂದು ಪದ್ಧತಿ ಎಂದರೆ ಸಿನಿಮಾ ತಂದ ಅತಿಥಿಗಳಿಗೆ ಹೊಲ ತೋರಿಸಬಾರದು. ರಾತ್ರಿ ಊಟ ಹಾಕಿ, ಶಾಲು ಹೊದಿಸಿ, ಬೆಳಕು ಹರಿಯುವುದರೊಳಗೆ ಕಾರು ಹತ್ತಿಸಿ ಕಳಿಸಬೇಕು. ಪಾಪ, ಅವರಿಗೇಕೆ ಸುಮ್ಮನೆ ಸಂಕಟ ಎಂದು ಹಿರಿಯರು ಮಾಡಿದ್ದು. ನನಗೆ ಈ ಮರ್ಯಾದೆ ಎಂದೂ ಸರಿಬಂದಿಲ್ಲ. ಕೊಂದವನಿಗೆ ಶಾಲು, ಹೂಳುವವನಿಗೆ ಸಲಿಕೆ.

ಮೊದಲ ದಿನದ ಸಿನಿಮಾ ಒಬ್ಬ ರಾಣಿಯದು. ಕೋಟೆ ಮುತ್ತಿದ ವೈರಿಗಳೆದುರು ಆಕೆ ಕತ್ತಿ ಹಿಡಿದು ಮಾಡಿದ ಭಾಷಣ ಎಷ್ಟು ಉದ್ದವಿತ್ತೆಂದರೆ, ಆ ವೈರಿಗಳಿಗೆ ನಿಜವಾಗಿ ಬುದ್ಧಿಯಿದ್ದರೆ ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಊಟ ಮುಗಿಸಿ ಮಲಗಬಹುದಿತ್ತು. ಎದೆಗೆ ಬಾಣ ಬಿದ್ದ ಮೇಲೂ ಆಕೆ ಒಂದು ಹಾಡು ಹೇಳಿದಳು. ಮರುದಿನ ಹೊಲದಲ್ಲಿ ಆಕೆಯನ್ನು ಎತ್ತುವಾಗ ನನ್ನ ಜೊತೆ ಮೋದಿನಸಾಬ ಇದ್ದ. ಅವನು ನನ್ನ ಅಂಗಡಿಯ ಎದುರಿಗೆ ಟೈರ್ ಪಂಕ್ಚರ್ ತಿದ್ದುವವನು, ಎಲ್ಲ ಹೂಳುವಿಕೆಗೂ ನಾವಿಬ್ಬರೂ ಜೋಡಿ. “ರಾಚಣ್ಣ, ಸತ್ತರೂ ಈಕಿ ಕಾಡಿಗಿ ಕೆಟ್ಟಿಲ್ಲ ನೋಡು,” ಎಂದ. “ನಮ್ಮ ಮನ್ಯಾಕಿದು ಒಲಿ ಮುಂದ ಕುಂತರ ಸಾಕು, ಗಲ್ಲದ ಮಟ ಇಳೀತೈತಿ.”

ಎರಡನೆಯ ದಿನದ್ದು ಒಂದು ಹಳೆಯ ಬರಗಾಲದ ಕಥೆ. ಆ ನಿರ್ದೇಶಕಿ ಹೆಣ್ಣುಮಗಳು, ಚಿಕ್ಕ ವಯಸ್ಸಿನಾಕೆ. ಆಕೆ ಒಂದು ಸಾವನ್ನೂ ತೋರಿಸಲಿಲ್ಲ. ಬಾಗಿಲು ಮುಚ್ಚುತ್ತದೆ, ಒಳಗಿನಿಂದ ಕೆಮ್ಮು ಕೇಳುತ್ತದೆ, ಆಮೇಲೆ ಕೆಮ್ಮು ನಿಲ್ಲುತ್ತದೆ, ಅಷ್ಟೇ. ಕೂಸಿನ ತೊಟ್ಟಿಲು ತೋರಿಸಿ, ಮುಂದಿನ ದೃಶ್ಯದಲ್ಲಿ ಆ ತೊಟ್ಟಿಲಿನಲ್ಲಿ ಜೋಳ ಹಾಕಿಟ್ಟದ್ದನ್ನು ತೋರಿಸಿದಳು. ಇಡೀ ಟಾಕೀಸು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆಕೆಗೆ ಕಣ್ಣಲ್ಲಿ ನೀರು ಬಂತು. ತನ್ನ ಕಲೆಗೆ ಎಂದುಕೊಂಡಳೇನೋ. ನಾಳೆ ಕೂಸು ಹೂಳುವುದು ತಪ್ಪಿತು ಎಂದು ಜನ ಹೊಡೆದ ಚಪ್ಪಾಳೆ ಅದು. ಆದರೂ ಹೇಳುತ್ತೇನೆ, ಒಳ್ಳೆಯ ಸಿನಿಮಾ. ಆ ತೊಟ್ಟಿಲು ನನಗೆ ಇನ್ನೂ ಕಣ್ಣಮುಂದಿದೆ.

ಚಪ್ಪಾಳೆ ಹೊಡೆಯದೆ ಕೂತಿದ್ದವಳು ಒಬ್ಬಳೇ, ನನ್ನ ತಮ್ಮನ ಹೆಂಡತಿ ನೀಲವ್ವ. ಆಕೆಗೆ ಯಾರಾದರೂ ಸಾಯಬೇಕಿತ್ತು. ಯಾರಾದರೂ ಅಲ್ಲ, ತನ್ನ ಗಂಡ ಸಾಯಬೇಕಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ತಮ್ಮ ಸಂಗನಬಸು ನನ್ನ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದ. ಹದಿನಾರರ ವಯಸ್ಸಿನಿಂದ ಹೂಳುವ ಪಾಳಿಗೆ ಬರುತ್ತಿದ್ದ. ಟಾಕೀಸಿನಲ್ಲಿ ಕೂತರೆ ಸತ್ತು ಬೀಳುವ ಸಿಪಾಯಿಗಳನ್ನು ನೋಡಿ ಬೈಯುತ್ತಿದ್ದ. “ಇವರಿಗೆ ಸಾಯಾಕ ಬರೂದಿಲ್ಲಣ್ಣಾ. ಹೊಟ್ಟಿಗೆ ಭರ್ಚಿ ಬಿದ್ದಾಂವ ಹಿಂಗ ಎರಡೂ ಕೈ ಮ್ಯಾಲೆತ್ತತಾನೇನು? ಮೊದಲ ಮೊಣಕಾಲ ಸೋಲತಾವ,” ಎನ್ನುತ್ತಿದ್ದ. ಮನೆಯಲ್ಲಿ ಊಟಕ್ಕೆ ಕರೆದರೆ ಅಡುಗೆಮನೆಯ ಹೊಸ್ತಿಲಲ್ಲಿ ಬಾಣ ಬಿದ್ದವನಂತೆ ಬಿದ್ದು ನೀಲವ್ವನ ಜೀವ ಹಾರಿಸುತ್ತಿದ್ದ. ಕೊನೆಗೆ ಒಂದು ದಿನ, ನನಗೆ ಬರುವುದು ಇದೊಂದೇ, ಇದನ್ನೇ ಮಾಡುತ್ತೇನೆ ಎಂದು ಸಿನಿಮಾ ತೆಗೆಯುವ ಊರಿಗೆ ಹೋದ. ನಾನು ಬೈದೆ, ಎರಡು ಏಟು ಹಾಕಿದೆ, ಹೋದ. ಅಲ್ಲಿ ಅವನಿಗೆ ಕೆಲಸ ಸಿಕ್ಕಿತು. ಮಾತಿಲ್ಲದ ಪಾತ್ರ, ದಂಡಿನಲ್ಲಿ ಒಬ್ಬ. ಆದರೆ ಸಾಯುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಐತಿಹಾಸಿಕ ಸಿನಿಮಾ ತೆಗೆಯುವವರೆಲ್ಲ ಅವನನ್ನು ಕರೆಯತೊಡಗಿದರು.

ಮೊದಲ ಸಲ ಅವನು ಕೆಂಪು ಹೊಲಕ್ಕೆ ಬಂದ ದಿನ ನಮ್ಮ ಮನೆಯಲ್ಲಿ ಎದ್ದ ಅಳುವನ್ನು ಊರು ಮರೆತಿಲ್ಲ. ಅದು ಸಿನಿಮಾದ ಹೆಣ ಎಂದು ಗೊತ್ತು, ಎತ್ತಿದರೆ ಹಗುರ, ನೊಣವಿಲ್ಲ. ಆದರೂ ಮುಖ ನಮ್ಮ ಸಂಗುವಿನದು. ನೀಲವ್ವ ಮೈಮೇಲಿನ ಕವಚ ಬಿಚ್ಚಿ, ಮನೆಯಿಂದ ತಂದ ಧೋತರ ಹೊದಿಸಿದಳು. ಹೆಸರು ಹಿಡಿದು ಕರೆಯುವ ಹೊತ್ತಿಗೆ ಆಕೆ ನನ್ನ ಕಡೆ ನೋಡಿದಳು. ನಮ್ಮ ಮನೆತನದ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ಒಡಪಿನ ಪದ್ಯ ಹೇಳಿ ಹೆಸರು ಹಿಡಿದದ್ದೇ ಮೊದಲು, ಅದೇ ಕೊನೆ. ಗಂಡ ಬದುಕಿರುವಾಗ ಹೆಸರು ಹಿಡಿದರೆ ಅವನ ಆಯುಷ್ಯ ಸವೆಯುತ್ತದೆಂದು ನಂಬಿಕೆ. ಹಾಗಾಗಿ ನಾನೇ ಕರೆದೆ. ಮಣ್ಣು ಮಾಡಿ ಮನೆಗೆ ಬಂದು ಕಾಲು ತೊಳೆಯುತ್ತಿದ್ದೆವು, ಫೋನು ಬಂತು. ಅವನದೇ. ನಗುತ್ತ ಕೇಳಿದ: “ಅಣ್ಣಾ, ನಾ ಹೆಂಗ ಸತ್ತಿದ್ದೆ?”

ಆಮೇಲೆ ಅದೇ ರೂಢಿಯಾಯಿತು. ವರ್ಷಕ್ಕೊಮ್ಮೆ ಅವನು ಸತ್ತು ಬರುತ್ತಿದ್ದ, ಕೆಲವೊಮ್ಮೆ ಎರಡು ಸಲ. ಒಂದು ವರ್ಷ ಮೊಗಲರ ವೇಷ, ಒಂದು ವರ್ಷ ಗೋರಾ ಸೋಲ್ಜರನ ಟೋಪಿ. ಮಣ್ಣು ಮಾಡಿ ಬರುತ್ತಿದ್ದಂತೆ ಫೋನು ಬರುತ್ತಿತ್ತು, “ಅಣ್ಣಾ, ಈ ಸಲ ನಾ ಹೆಂಗ ಸತ್ತಿದ್ದೆ?” ನಾನು ಮುಖ ಮೋರೆ ನೋಡದೆ ಹೇಳುತ್ತಿದ್ದೆ, ಎಲ್ಲಿ ಸರಿಯಿತ್ತು, ಎಲ್ಲಿ ಅತಿಯಾಯಿತು ಎಂದು. ಅವನು ಹೆಂಡತಿಗೊಂದು ಗುರುತು ಮಾಡಿದ್ದ. ಸತ್ತು ಬಿದ್ದ ಮೇಲೆ ಕೊನೆಗೆ ಎಡಗೈಯ ಮುಷ್ಟಿಯನ್ನು ಮೆಲ್ಲಗೆ ಬಿಚ್ಚುತ್ತಿದ್ದ. ಎಷ್ಟು ದೊಡ್ಡ ಯುದ್ಧವಿದ್ದರೂ, ಅವನು ಪರದೆಯ ಮೂಲೆಯಲ್ಲಿದ್ದರೂ, ಆ ಕೈ ಬಿಚ್ಚಿಕೊಳ್ಳುತ್ತಿತ್ತು. ನಾ ಆರಾಮ ಇದ್ದೀನಿ, ಕಾಳಜಿ ಮಾಡಬ್ಯಾಡ ಎಂದು ಅದರ ಅರ್ಥ. ಟಾಕೀಸಿನ ಕತ್ತಲಲ್ಲಿ ನೀಲವ್ವ ಉಸಿರು ಬಿಡುವುದು ನನಗೆ ಕೇಳಿಸುತ್ತಿತ್ತು. ಗಂಡ ಸಾಯುವುದನ್ನು ನೋಡಿ ಸಮಾಧಾನದಿಂದ ಮನೆಗೆ ಹೋಗುವ ಹೆಂಗಸು ನಮ್ಮೂರಲ್ಲಿ ಆಕೆ ಒಬ್ಬಳೇ.

ಈ ವರ್ಷ ಶೀಗಿ ಹುಣ್ಣಿಮೆಯ ಮೇಲೆ ಅವನ ಫೋನು ಬರಲಿಲ್ಲ. ಹಚ್ಚಿದರೆ ಹತ್ತುತ್ತಿರಲಿಲ್ಲ. ಮೊದಮೊದಲು ನಾವು ತಲೆ ಕೆಡಿಸಿಕೊಳ್ಳಲಿಲ್ಲ, ಗುಡ್ಡಗಾಡಿನಲ್ಲಿ ಶೂಟಿಂಗ್ ಇದ್ದರೆ ತಿಂಗಳುಗಟ್ಟಲೆ ಹೀಗಾಗುತ್ತಿತ್ತು. ಸಂಕ್ರಾಂತಿಯೂ ಆಯಿತು. ಅವನಿಗೆ ಪಾತ್ರ ಕೊಡಿಸುತ್ತಿದ್ದ ಏಜೆಂಟನ ನಂಬರು ಹುಡುಕಿ ಮಾತಾಡಿದೆ. ಅವನು, ಆ ಹುಡುಗ ಕೆಲಸ ಬಿಟ್ಟು ಹೋದನಲ್ಲ, ಊರಿಗೆ ಬಂದಿಲ್ಲವಾ ಎಂದ. ನಾನು ಅವನ ತಾಯಿಯನ್ನೂ ಸೇರಿಸಿ ಬೈದು ಇಟ್ಟೆ. ನೀಲವ್ವ ಹೇಳಿದಳು, ಉತ್ಸವಕ್ಕೆ ಕಾಯೋಣ, ಪರದೆಯ ಮೇಲೆ ಬಂದರೆ ಇದ್ದಾರೆ. ಮೂರು ಸಿನಿಮಾಗಳಲ್ಲಿ ಎರಡು ಮುಗಿದವು. ರಾಣಿಯ ದಂಡಿನಲ್ಲಿ ಅವನಿರಲಿಲ್ಲ. ಬರಗಾಲದಲ್ಲಿ ಅವನಿರಲಿಲ್ಲ. ಎರಡನೆಯ ದಿನ ಮನೆಗೆ ನಡೆಯುವಾಗ ಆಕೆ, “ನಾಳಿಂದು ದೊಡ್ಡ ಯುದ್ಧದ್ದಂತ, ಅಲ್ರೀ ಭಾವಾರ?” ಎಂದು ಕೇಳಿದಳು. ಹೌದು ಎಂದೆ. “ಹಂಗಾರ ಬರ್ತಾರ ಬಿಡ್ರಿ,” ಎಂದಳು. ಬೆಳಿಗ್ಗೆ ಮಡಿಚಿದ ಹೊಸ ಧೋತರವೊಂದು ಕಟ್ಟೆಯ ಮೇಲೆ ಸಿದ್ಧವಿತ್ತು.

ಮೂರನೆಯದು ಸಂಜೆಯ ಆಟ. ಒಬ್ಬ ಸುಲ್ತಾನ ಒಬ್ಬ ನಾಯಕನ ಕೋಟೆಯನ್ನು ಹಿಡಿಯುವ ಕಥೆ. ಕೋಟೆ ಕಟ್ಟಿದ್ದು ಚೆನ್ನಾಗಿತ್ತು ಎನ್ನಬೇಕು. ಬಾಗಿಲಿನ ತೊಲೆಗಳು ನಿಜವಾದ ಮರದವು, ಅಷ್ಟು ನನಗೆ ನೋಡಿದರೇ ಗೊತ್ತಾಗುತ್ತದೆ. ನಾಯಕ ಉಬ್ಬಿದ ಮುಖದವನು, ಮಾತಾಡಿದರೆ ಅಂಗಡಿ ಉದ್ಘಾಟನೆಗೆ ಬಂದವನಂತೆ. ಅರ್ಧ ಸಿನಿಮಾ ಹೀಗೇ ಹೋಯಿತು. ಆನೆಗಳು ಬಾಗಿಲು ಗುದ್ದುವ ದೃಶ್ಯ ಬಂತು. ಕಮಾನಿನ ಕೆಳಗೆ ಭರ್ಚಿ ಹಿಡಿದು ನಿಂತವರ ನಡುವೆ ಸಂಗು ನಿಂತಿದ್ದ. ನೀಲವ್ವ ನನ್ನ ಕುರ್ಚಿಯ ಕೈಯನ್ನು ಹಿಡಿದಳು. ಸ್ವಲ್ಪ ಬಡವಾಗಿದ್ದ, ಗಡ್ಡ ಬಿಟ್ಟಿದ್ದ, ಆದರೆ ಅವನೇ. ಆನೆ ಇನ್ನೊಮ್ಮೆ ಗುದ್ದಿತು. ಮೇಲಿನ ತೊಲೆ ಕಳಚಿ ಬಿತ್ತು. ಅವನು ತಲೆಯೆತ್ತಿದ, ಅಷ್ಟರಲ್ಲಿ ಅದು ಕುತ್ತಿಗೆಯ ಹಿಂದೆ ಬಡಿಯಿತು, ಮುಖ ಅಡಿಯಾಗಿ ಬಿದ್ದ.

ನನಗೆ ಸಿಟ್ಟು ಬಂತು. ಇದು ಅವನ ಸಾವಲ್ಲ. ಮೊಣಕಾಲು ಸೋಲಲಿಲ್ಲ, ತಿರುಗಲಿಲ್ಲ, ಗೋಣಿಚೀಲ ಇಳಿಸಿದಂತೆ ದೊಪ್ಪನೆ ಬಿದ್ದ. ಇಷ್ಟು ವರ್ಷ ಕಲಿತದ್ದೆಲ್ಲ ಎಲ್ಲಿ ಹೋಯಿತು ಎಂದು ನಾನು ಜೋರಾಗಿಯೇ ಅಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೀಲವ್ವ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಪರದೆಯ ಮೇಲೆ ಅವನ ಎಡಗೈಯನ್ನೇ ನೋಡುತ್ತಿದ್ದಳು. ಕ್ಯಾಮೆರಾ ಅಲ್ಲಿಯೇ ನಿಂತಿತ್ತು. ಕೈ ಮುಷ್ಟಿ ಕಟ್ಟಿಯೇ ಇತ್ತು. “ಭಾವಾರ, ಕೈ ಬಿಚ್ಚಲಿಲ್ಲ,” ಎಂದಳು. ಮರೆತಿದ್ದಾನೆ, ದುಡುಕು, ಫೋನು ಬರಲಿ ಬೈಯುತ್ತೇನೆ ಎಂದೆ.

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಬಾಗಿಲು ಮುರಿದು ಸುಲ್ತಾನನ ದಂಡು ಒಳಗೆ ನುಗ್ಗಿತು. ಕೋಟೆಯ ಬಯಲಿನಲ್ಲಿ ನೂರಾರು ಸಿಪಾಯಿಗಳು ಬೀಳತೊಡಗಿದರು. ಮೊದಲು ನನಗೆ ತಿಳಿಯಲಿಲ್ಲ. ಮೋದಿನಸಾಬ ಹಿಂದಿನಿಂದ ನನ್ನ ಹೆಗಲು ಹಿಡಿದ. ಬೀಳುತ್ತಿದ್ದವರೆಲ್ಲ ಸಂಗು. ಅದೇ ಗಡ್ಡ, ಅದೇ ತಲೆಯೆತ್ತಿ ನೋಡುವುದು, ಅದೇ ದೊಪ್ಪನೆ ಬೀಳುವುದು, ಅದೇ ಮುಷ್ಟಿ. ಒಬ್ಬನ ತಲೆಗೆ ಕೆಂಪು ಪಟಕ, ಒಬ್ಬನಿಗೆ ಹಸಿರು, ಅಷ್ಟೇ ವ್ಯತ್ಯಾಸ. ಪರದೆ ತುಂಬ ನನ್ನ ತಮ್ಮ ಬಿದ್ದ. ಜನ ಸಿನಿಮಾ ನೋಡುವುದನ್ನು ಬಿಟ್ಟು ನಮ್ಮಿಬ್ಬರನ್ನು ನೋಡುತ್ತಿದ್ದರು.

ಆಟ ಮುಗಿದ ಮೇಲೆ ನಿರ್ದೇಶಕ ವೇದಿಕೆ ಹತ್ತಿದ. ದೊಡ್ಡ ಊರಿನವನು, ಕಿವಿಯಲ್ಲಿ ಹರಳು. ಉತ್ಸವ ಸಮಿತಿಯ ಅಧ್ಯಕ್ಷರು ಅಡಿವೆಪ್ಪ ಮಾಸ್ತರು, ನಿವೃತ್ತ ಹೆಡ್‌ಮಾಸ್ತರು, ಮೆದು ಮಾತಿನವರು. ಅಷ್ಟು ದೊಡ್ಡ ಸೈನ್ಯವನ್ನು ಹೇಗೆ ತೋರಿಸಿದಿರಿ ಎಂದು ಅವರು ಕೇಳಿದರು. ನಿರ್ದೇಶಕ ಖುಷಿಯಿಂದ ಹೇಳಿದ, “ಅಷ್ಟೊಂದು ಜನ ಎಲ್ಲಿ ಸರ್. ಬಾಗಿಲ ಕೆಳಗೆ ಬೀಳ್ತಾನಲ್ಲ, ಆ ಒಬ್ಬನ ಶಾಟ್ ಅದು. ಒಂದೇ ಟೇಕು. ಬಿದ್ದಿದ್ದು ಎಷ್ಟು ನೈಜವಾಗಿತ್ತು ಅಂದ್ರೆ, ಅದನ್ನೇ ಇಟ್ಕೊಂಡು ಕಂಪ್ಯೂಟರಿನಲ್ಲಿ ಇಡೀ ಸೈನ್ಯ ಮಾಡಿಬಿಟ್ವಿ.”

ನಾನು ಎದ್ದು ನಿಂತೆ. ಮಾಸ್ತರು, ರಾಚಪ್ಪ ಕುಂದರಪಾ, ಅತಿಥಿಗಳದಾರ ಎಂದರು. ನಾನು ಕೂರಲಿಲ್ಲ. ಆ ಸಾವು ಸುಳ್ಳು, ಆ ಮನುಷ್ಯ ಅದಕ್ಕಿಂತ ಎಷ್ಟೋ ಚೆನ್ನಾಗಿ ಸಾಯಬಲ್ಲ, ನೀವು ಅವನನ್ನು ಕೆಡಿಸಿದ್ದೀರಿ ಎಂದು ಮುಖಕ್ಕೆ ಹೇಳಿದೆ. ಅವನು ನಕ್ಕ. “ಇಲ್ಲ ಸರ್, ಅದಕ್ಕಿಂತ ನಿಜ ಸಿಗಲ್ಲ,” ಎಂದ. ಈಗ ಅವನೆಲ್ಲಿದ್ದಾನೆ ಎಂದು ಕೇಳಿದೆ. ಯಾರು ಎಂದು ಕೇಳಿದ. ಆ ಒಬ್ಬ, ಎಂದೆ. ಅವನು ಸ್ವಲ್ಪ ಯೋಚಿಸಿದ. ಆ ಶಾಟ್ ಆದ ಮೇಲೆ ಸೆಟ್ಟಿಗೆ ಬಂದಂತಿಲ್ಲ, ಏನೋ ಪೆಟ್ಟಾಗಿತ್ತು, ಮ್ಯಾನೇಜರ್ ಆಸ್ಪತ್ರೆಗೆ ಕಳಿಸಿದ್ದರು, ಜೂನಿಯರ್‌ಗಳನ್ನೆಲ್ಲ ಏಜೆಂಟರು ನೋಡಿಕೊಳ್ಳುತ್ತಾರೆ ಎಂದ. ನಾನು ಕುರ್ಚಿ ದಾಟಿ ಮುಂದೆ ಹೋಗುವಷ್ಟರಲ್ಲಿ ಮಾಸ್ತರು ಮೈಕ್ ಬಂದ್ ಮಾಡಿಸಿ ಅವನನ್ನು ಹಿಂಬಾಗಿಲಿನಿಂದ ಊಟಕ್ಕೆ ಕರೆದೊಯ್ದರು. ನೀಲವ್ವ ನನ್ನನ್ನು ತಡೆದಳು. ಆಸ್ಪತ್ರಿ ಅಂದರಲ್ಲ, ಹಂಗಾರ ಇದ್ದಾರ ಎಂದಳು. ಫೋನು ಒಡೆದಿರಬೇಕು, ಕಾಲೋ ಕೈಯೋ ಮುರಿದಿರಬೇಕು, ಅದಕ್ಕೇ ಮುಷ್ಟಿ ಬಿಚ್ಚಲಾಗಲಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ನಾನೂ ಹೂಂ ಎಂದೆ. ಯಾವ ಊರಿನ ಆಸ್ಪತ್ರೆ ಎಂದು ಬೆಳಿಗ್ಗೆ ಆ ನಿರ್ದೇಶಕನ ಕುತ್ತಿಗೆ ಹಿಡಿದು ಕೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಅವನು ಇರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷದಿಂದ ನಡೆದು ಬಂದ ಪದ್ಧತಿ, ಆ ಹೊತ್ತಿಗೆ ಮರೆತೇ ಹೋಗಿತ್ತು.

ಬೆಳಕು ಹರಿದಾಗ ಕೆಂಪು ಹೊಲ ಕೆಂಪಗಿರಲಿಲ್ಲ. ಬದುವಿನಿಂದ ಬದುವಿನವರೆಗೆ ಸಂಗು ಮಲಗಿದ್ದ. ಕುದುರೆಯ ಮೂಲೆಯಲ್ಲೂ ಮಲಗಿದ್ದ. ಎಲ್ಲರೂ ಮುಖ ಅಡಿಯಾಗಿ, ಎಲ್ಲರ ಎಡಗೈ ಮುಷ್ಟಿ ಕಟ್ಟಿ. ಬದುವಿನ ಮೇಲೆ ಪಾಳಿಯ ಓಣಿಯ ಹಿರಿಯರು ಸಾಲಾಗಿ ಕೂತಿದ್ದರು. ಅವರಲ್ಲಿ ಒಬ್ಬ, ಮುಖ ನಿಮ್ಮ ಮನೆಯದು, ಪದ್ಧತಿಯ ಪ್ರಕಾರ ನಿಮಗೇ ಸೇರಬೇಕು ಎಂದ. ನಾನು ಸಲಿಕೆ ಎತ್ತಿದೆ. ಮೋದಿನಸಾಬ ನಡುವೆ ಬಂದ. “ಕಾಕಾ, ನೀವು ಸತ್ತಾಗ ಒಂದ ಮಾರಿ ಇರತೈತಿ, ಹೊರಾಂವ ನಾನ ಇರತೀನಿ. ಇವತ್ತ ಎದ್ದು ಗುದ್ದಲಿ ಹಿಡೀರಿ,” ಎಂದ. ಹಿರಿಯ ಎದ್ದ. ಹಿಂದಿನಿಂದ ಒಬ್ಬೊಬ್ಬರೇ ಇಳಿದರು. ಮೋದಿನಸಾಬ ನನ್ನ ಹತ್ತಿರ ಬಂದು, ಇದು ಸಿನಿಮಾ ಅಲ್ಲ ರಾಚಣ್ಣ, ಬರಗಾಲದ ಕಾಮಗಾರಿ ಎಂದು ಮೆಲ್ಲಗೆ ಅಂದ. ನಗಿಸಲು ಅಂದದ್ದು. ಇಬ್ಬರೂ ನಗಲಿಲ್ಲ.

ನೀಲವ್ವ ಧೋತರ ಒಂದೇ ತಂದಿದ್ದಳು. ಕೊಡ ತುಂಬಿಕೊಂಡು ಮೊದಲ ಸಾಲಿನಿಂದ ಶುರು ಮಾಡಿದಳು. ಒಬ್ಬೊಬ್ಬನನ್ನು ಮಗ್ಗುಲಿಗೆ ಹೊರಳಿಸಿ, ಮುಖದ ಮಣ್ಣು ಸೆರಗಿನಿಂದ ಒರೆಸಿ, ಮುಷ್ಟಿಯ ಬೆರಳುಗಳನ್ನು ಬಿಡಿಸಿ ನೇರ ಮಾಡಿ, ಚೊಂಬಿನ ನೀರು ಹಾಕುತ್ತಿದ್ದಳು. ಸಿನಿಮಾದ ಹೆಣದ ಬೆರಳು ಬಿಡಿಸಲು ಕಷ್ಟವಿಲ್ಲ, ಬಾಳೆಲೆ ಮಡಿಕೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ. ಆಕೆ ಮುಂದೆ ಮುಂದೆ ಹೋದಂತೆ ಹಿಂದೆ ಬಿಚ್ಚಿದ ಅಂಗೈಗಳ ಸಾಲು ಬೆಳೆಯುತ್ತಿತ್ತು. ಇಷ್ಟೊಂದರಲ್ಲಿ ಯಾರಿಗೆ ಧೋತರ ಎಂದು ಯಾರೋ ಹೆಂಗಸು ಕೇಳಿದಳಂತೆ. ಕಡೆಯವರಿಗೆ ಎಂದಳಂತೆ. ಅಗೆದ ಗುಂಡಿಗಳಿಗೆ ನಾವು ಇಳಿಸುತ್ತಿದ್ದೆವು. ಪ್ರತಿಯೊಬ್ಬನಿಗೂ ನಾನು ಸಂಗನಬಸು ಎಂದು ಕರೆದೆ. ಕರೆದು ಕರೆದು ಅದು ಹೆಸರಿನ ಹಾಗೆ ಕೇಳಿಸುವುದು ನಿಂತಿತು. ಗಂಟಲು ಕಟ್ಟಿದ ಮೇಲೆ ಮೋದಿನಸಾಬ ಕರೆದ.

ಹೊತ್ತು ಏರುತ್ತಿತ್ತು. ಹೊಲದ ನಡುವೆ ಬಂದಾಗ ನೀಲವ್ವ ನಿಂತಳು. ದೂರದಿಂದ ನನಗೆ ಕಂಡದ್ದು ಆಕೆ ಸೆರಗನ್ನು ಬೀಸುತ್ತಿದ್ದದ್ದು. ಬಿಸಿಲಿಗೆ ಗಾಳಿ ಹಾಕಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಬೀಸುವುದು ನಿಲ್ಲಲಿಲ್ಲ. ಕೂತಳು, ಎರಡೂ ಕೈಯಿಂದ ಬೀಸಿದಳು. ನಾನು ಸಲಿಕೆ ಬಿಟ್ಟು ನಡೆದೆ. ಹತ್ತಿರ ಹೋದಂತೆ ಸದ್ದು ಕೇಳಿಸಿತು. ಆಕೆಯ ಮುಂದೆ ಬಿದ್ದಿದ್ದವನ ಕುತ್ತಿಗೆಯ ಹಿಂದೆ, ತಲೆಗೂದಲಿನ ಬುಡದಲ್ಲಿ, ನೊಣ ಮುತ್ತಿದ್ದವು. ಓಡಿಸಿದರೆ ಏಳುತ್ತಿದ್ದವು, ಮತ್ತೆ ಅಲ್ಲಿಯೇ ಕೂರುತ್ತಿದ್ದವು. ಅಕ್ಕಪಕ್ಕದ ಅದೇ ಮುಖಗಳ ಮೇಲೆ ಒಂದೂ ಕೂತಿರಲಿಲ್ಲ. ಮಗ್ಗುಲಿಗೆ ಹೊರಳಿಸಲು ನಾನು ಹೆಗಲಿಗೆ ಕೈ ಹಾಕಿದೆ. ಒಬ್ಬನಿಂದ ಆಗಲಿಲ್ಲ. ಮೋದಿನಸಾಬ ಬಂದು ಕೈ ಜೋಡಿಸಿದ, ಅವನ ಮುಖ ನೋಡಿದ, ತಲೆಯ ಟೋಪಿ ತೆಗೆದು ಹಿಡಿದುಕೊಂಡ. ಎಡಗೈಯ ಬೆರಳುಗಳನ್ನು ಬಿಡಿಸಲು ನೀಲವ್ವ ಎಷ್ಟು ಪ್ರಯತ್ನಪಟ್ಟರೂ ಅವು ಬಿಚ್ಚಲಿಲ್ಲ.

ನಾನು ಅತಿಥಿಗೃಹಕ್ಕೆ ಓಡಿದೆ. ಬಿಟ್ಟು ಬಂದಿದ್ದ ಸಲಿಕೆ ಮತ್ತೆ ಕೈಯಲ್ಲಿತ್ತು ಎಂದು ಆಮೇಲೆ ಜನ ಹೇಳಿದರು. ಕೋಣೆ ಗುಡಿಸಿ ನೀರು ಹಾಕಿದ್ದರು. ಮಂಚದ ಮೇಲೆ ನಿನ್ನೆಯ ಹಾರ ಮಾತ್ರ ಇತ್ತು. ಅಡಿವೆಪ್ಪ ಮಾಸ್ತರು ಜಗಲಿಯಲ್ಲಿ ಕುರ್ಚಿಗಳನ್ನು ಎತ್ತಿಸುತ್ತಿದ್ದರು. ಅವನೆಲ್ಲಿ ಎಂದೆ. ನಸುಕಿನಲ್ಲೇ ಕಳಿಸಿದೆವಪ್ಪ, ಚಹಾ ಕುಡಿದು ಬಹಳ ಸಂತೋಷದಿಂದ ಹೋದರು ಎಂದರು. ನನ್ನ ಮುಖ ನೋಡಿ ಅವರಿಗೆ ಏನೋ ತಿಳಿದಿರಬೇಕು. “ಪದ್ಧತಿ ಅಲ್ಲೇನೋ ರಾಚಪ್ಪ, ನಾವು ಯಾರಿಗೂ ತೋರಿಸೂದಿಲ್ಲ,” ಎಂದರು. ನೊಣ ಕೂತಾವ್ರೀ ಮಾಸ್ತರ ಎಂದೆ. ಅವರ ಕೈಯಲ್ಲಿದ್ದ ಕುರ್ಚಿಯನ್ನು ಅವರು ಕೆಳಗಿಟ್ಟು ಅದರ ಮೇಲೆಯೇ ಕೂತರು. ಅವರನ್ನು ಹೊಡೆಯಬೇಕೆಂದು ಬಂದಿದ್ದೆ. ಹೊಡೆಯಲು ಏನೂ ಇರಲಿಲ್ಲ, ಮುದುಕ ಮನುಷ್ಯ, ಕಣ್ಣೊರೆಸಿಕೊಳ್ಳಲು ಜೇಬಿನಲ್ಲಿ ಕರವಸ್ತ್ರ ಹುಡುಕುತ್ತಿದ್ದರು.

ತಿರುಗಿ ಬಂದಾಗ ಗುಂಡಿ ಅಗೆದು ಆಗಿತ್ತು. ಬೇರೆಯವುಗಳಿಗಿಂತ ಆಳ, ಆಳೆತ್ತರ. ಕವಚ ಬಿಚ್ಚಿ ಧೋತರ ಹೊದಿಸಿದ್ದರು. ಊರಿನವರು ಕೆಲಸ ಬಿಟ್ಟು ಸುತ್ತ ನಿಂತಿದ್ದರು. ನೀಲವ್ವ ತಲೆಯ ಹತ್ತಿರ ಕೂತು ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು, ನೊಣಗಳಿಗಾಗಿ ಅಲ್ಲ, ಮಲಗಿದವನಿಗೆ ಹಾಕುವಂತೆ. ಆಕೆಯ ಮುಡಿಯಲ್ಲಿ ನಿನ್ನೆ ಟಾಕೀಸಿಗೆ ಮುಡಿದು ಬಂದ ಹೂವು ಹಾಗೆಯೇ ಇತ್ತು, ತೆಗೆಯಿರಿ ಎಂದು ಹೇಳಲು ಯಾವ ಹೆಂಗಸಿಗೂ ಬಾಯಿ ಬಂದಿರಲಿಲ್ಲ. ನೀರು ಹಾಕಿದೆವು. ಏಳು ಜನ ಸೇರಿ ಇಳಿಸಿದೆವು. ಹೆಸರು ಕರೆಯುವ ಹೊತ್ತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಬೆಳಗಿನಿಂದ ಎಷ್ಟೋ ಸಲ ಕರೆದ ಹೆಸರು. ಬಾಯಿ ತೆರೆದೆ, ಬರಲಿಲ್ಲ. ಇನ್ನೊಮ್ಮೆ ತೆರೆದೆ. ಮೋದಿನಸಾಬನ ಕಡೆ ನೋಡಿದೆ, ಅವನು ತಲೆ ಅಲ್ಲಾಡಿಸಿದ.

ನೀಲವ್ವ ಎದ್ದು ನಿಂತಳು. “ಬಿಡ್ರಿ ಭಾವಾರ, ಇನ್ನ ನಾ ಕರೀಬಹುದು,” ಎಂದಳು. ಗುಂಡಿಯ ಅಂಚಿಗೆ ಬಂದು ಸೆರಗು ಸರಿಮಾಡಿಕೊಂಡಳು. ಸಂಗನಬಸು ಎಂದು ಕರೆದಳು. ಗಂಡನ ಹೆಸರು ಹಿಡಿದು ಕರೆದು ರೂಢಿಯಿಲ್ಲದ ಬಾಯಿ, ಎಷ್ಟು ಜೋರಾಗಿ ಕರೆಯಬೇಕೆಂದು ಆಕೆಗೆ ಗೊತ್ತಾಗಲಿಲ್ಲ. ಹೊಲದ ಆ ತುದಿಯಲ್ಲಿ ಕೆಲಸ ಮಾಡುತ್ತಿರುವವನನ್ನು ಊಟಕ್ಕೆ ಕೂಗುವಷ್ಟು ಜೋರಾಗಿ ಕರೆದಳು.